ಗೆರೆಯಾಚೆಯ ಮೊದಲ ಜಾಗ

ಆ ಊರಿಗೆ ದಾರಿ ಯಾವುದು ಎಂದು ಕೇಳಬೇಡಿ. ದಾರಿ ಹೇಳಿದವರೂ ಇಲ್ಲ, ಹೋಗಿ ಬಂದವರೂ ಇಲ್ಲ. ಮೂಡಣಕ್ಕೆ ಒಂದು ಗುಡ್ಡ, ಪಡುವಣಕ್ಕೆ ಒಂದು ಗುಡ್ಡ, ನಡುವೆ ಕಣಿವೆ. ಮೂಡುಗುಡ್ಡ, ಪಡುಗುಡ್ಡ ಎಂದೇ ಅವುಗಳ ಹೆಸರು. ಎರಡರ ನೆತ್ತಿಯೂ ಮಣೆಯ ಹಾಗೆ ಮಟ್ಟಸ. ಅಲ್ಲಿಂದ ಪುಟ್ಟ ಪುಟ್ಟ ವಿಮಾನಗಳು ಏಳುತ್ತಿದ್ದವು, ಹತ್ತೊಂಬತ್ತು ಜನ ಕೂರುವಂಥವು. ಅವು ಹೋಗುತ್ತಿದ್ದದ್ದು ದೊಡ್ಡ ನಗರಗಳಿಗಲ್ಲ. ರಸ್ತೆ ಹೋಗದ ಹಳ್ಳಿಗಳಿಗೆ, ಬೆಟ್ಟದಾಚೆಯ ಸಂತೆಗಳಿಗೆ, ಊರಿಗೆಲ್ಲ ಒಂದೇ ಬಾವಿ ಇರುವ ಕಡೆಗೆ. ಉಪ್ಪು, ಔಷಧಿ, ಕಾಗದ, ಮದುವೆಯ ದಿಬ್ಬಣ, ತವರಿಗೆ ಹೊರಟ ಹೆಣ್ಣುಮಕ್ಕಳು, ಎಲ್ಲರೂ ಎಲ್ಲವೂ ಅವುಗಳಲ್ಲೇ.

ಪ್ರತಿ ವಿಮಾನದ ಮೂಗಿನಲ್ಲಿ ಎರಡು ಕುರ್ಚಿ, ಎಡಗುರ್ಚಿ ಮತ್ತು ಬಲಗುರ್ಚಿ. ಬಲಗುರ್ಚಿಯವರೂ ಏರಿಸುತ್ತಾರೆ, ಇಳಿಸುತ್ತಾರೆ, ಗಾಳಿಯ ಜೊತೆ ಗುದ್ದಾಡುತ್ತಾರೆ. ಆದರೆ ಮಾತು ಎಡಗುರ್ಚಿಯದು. ಹೊರಡೋಣ ಅನ್ನುವುದು, ಇವತ್ತು ಬೇಡ ಅನ್ನುವುದು, ಮೋಡ ಕಂಡರೆ ತಿರುಗಿಸಿ ಅನ್ನುವುದು, ಎಲ್ಲ ಎಡಗುರ್ಚಿಯ ಕೆಲಸ. ವರ್ಷಗಟ್ಟಲೆ ಎಡಕ್ಕೆ ಕಿವಿಗೊಟ್ಟು ಬಲಗುರ್ಚಿಯವರ ಕತ್ತೇ ಎಡಕ್ಕೆ ವಾಲಿಬಿಡುತ್ತಿತ್ತು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಹಾಗೇ ನಿಲ್ಲುತ್ತಿದ್ದರು. ಜನ ನೋಡಿ, ಓಹೋ ಇವರು ಬಲಗುರ್ಚಿ ಎಂದು ಗುರುತು ಹಿಡಿಯುತ್ತಿದ್ದರು.

ಯಾರು ಎಡ, ಯಾರು ಬಲ ಎಂಬುದನ್ನು ಕಟ್ಟೆ ಹೇಳುತ್ತಿತ್ತು. ಎರಡೂ ಗುಡ್ಡದ ಮೇಲೆ ಒಂದೊಂದು ಕಲ್ಲಿನ ಕಟ್ಟೆ, ಒಂದೊಂದರಲ್ಲಿ ನೂರು ಜಾಗ. ಹೊಸದಾಗಿ ಬಂದವರು ಬಾಲದಲ್ಲಿ ಕೂರಬೇಕು. ಮುಂದಿನಿಂದ ನಲವತ್ತು ಜಾಗ ಎಣಿಸಿದರೆ ಅಲ್ಲೊಂದು ಕೆಮ್ಮಣ್ಣಿನ ಗೆರೆ. ಗೆರೆಯೊಳಗಿನವರಿಗೆ ಎಡಗುರ್ಚಿ, ಗೆರೆಯಾಚೆಯವರಿಗೆ ಬಲಗುರ್ಚಿ. ಯಾವ ಊರಿಗೆ ಹಾರಬೇಕು, ಯಾವ ದಿನ ರಜೆ, ಮಜ್ಜಿಗೆ ಮೊದಲು ಯಾರಿಗೆ, ಎಲ್ಲವೂ ಜಾಗದ ಪ್ರಕಾರ. ಚೆನ್ನಾಗಿ ಹಾರಿಸಿದರೂ ಅದೇ ಜಾಗ, ಸುಮಾರಾಗಿ ಹಾರಿಸಿದರೂ ಅದೇ ಜಾಗ. ಇದೆಂಥ ನ್ಯಾಯ ಅಂತೀರಾ? ಇರಲಿ. ಆದರೆ ವಿಮಾನಗಳ ಯಜಮಾನರ ಭಾವಮೈದುನ ಎಂಬ ಕಾರಣಕ್ಕೆ ಯಾರೂ ಆ ಕಟ್ಟೆಯ ಮೇಲೆ ಮುಂದೆ ಹೋಗಿ ಕೂತದ್ದಿಲ್ಲ. ಅಷ್ಟು ಮಟ್ಟಿಗೆ ಆ ಕಲ್ಲು ಮನುಷ್ಯರಿಗಿಂತ ವಾಸಿ.

ವರ್ಷಕ್ಕೊಮ್ಮೆ ಸೂಜಿಯ ದಿನ ಬರುತ್ತಿತ್ತು. ಅಂದು ಎಲ್ಲರೂ ಎಲ್ಲರೆದುರು ಸೂಜಿಗೆ ದಾರ ಪೋಣಿಸಬೇಕು. ಏಳು ಸಲ ನೋಡಬಹುದು. ಏಳರಲ್ಲೂ ಆಗದಿದ್ದವರು ಸೂಜಿಯನ್ನು ಕಲ್ಲಿನ ಮೇಲಿಟ್ಟು, ಎದ್ದು, ಹಿಂದೆ ನೋಡದೆ ಗುಡ್ಡ ಇಳಿದು ಹೋಗಬೇಕು. ಆಗ ಅವರ ಹಿಂದಿನವರೆಲ್ಲ ಒಟ್ಟಿಗೆ ಎದ್ದು, ಅಂಗೈಯಿಂದ ಕಲ್ಲಿಗೆ ಒಂದೇಟು ಹಾಕಿ, ಒಂದು ಜಾಗ ಮುಂದೆ ಸರಿದು, ಸರಿದೆವು ಎಂದು ಹೇಳಿ ಕೂರುತ್ತಿದ್ದರು. ಅವರ ಜೀವನ ಅಷ್ಟೇ. ಸರಿದೆವು, ಸರಿದೆವು ಎನ್ನುತ್ತ ಬಾಲದಿಂದ ತಲೆಗೆ ಬರುವುದು.

ಆಮೇಲೆ ಒಡಂಬಡಿಕೆ ಹೇಳುವುದು. ಯಜಮಾನರಿಗೂ ಹಾರಿಸುವವರ ಸಂಘಕ್ಕೂ ಆದ ಒಡಂಬಡಿಕೆ ಅದು. ಅದನ್ನು ಬರೆದಿಡುತ್ತಿರಲಿಲ್ಲ, ಬಾಯಿಪಾಠ. ಬಂದ ದಿನ ನಮ್ಮ ಜಾಗ. ನಮ್ಮ ಜಾಗ ನಮ್ಮ ಮಾತು. ಮುಂದಿನವರು ಎದ್ದರೆ ನಾವು ಸರಿಯುವುದು. ನಡುವೆ ಯಾರೂ ನುಗ್ಗಕೂಡದು, ನಡುವಿನಿಂದ ಯಾರನ್ನೂ ಎಬ್ಬಿಸಕೂಡದು. ಹೀಗೆ ಶುರುವಾಗಿ ನೂರೆಂಟು ಸಾಲು. ಕೊನೆಯ ನಾಲ್ಕು ಸಾಲು ಬರುವಷ್ಟರಲ್ಲಿ ಎಲ್ಲರಿಗೂ ಹಸಿವಾಗಿರುತ್ತಿತ್ತು, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ ಊಟಕ್ಕೆ ಏಳುತ್ತಿದ್ದರು. ಆ ನಾಲ್ಕು ಸಾಲು ಹೀಗಿದ್ದವು. ಒಂದು ಮನೆಗೆ ಎರಡು ಕಟ್ಟೆ ಇರಕೂಡದು. ಎರಡು ಒಂದಾಗುವ ತನಕ ಯಾರೂ ಸರಿಯಕೂಡದು. ಒಂದಾಗಬೇಕಾದರೆ ಎರಡೂ ಕಟ್ಟೆಯ ಗೆರೆಯವರು ಎದ್ದು ನಿಂತು ಆಗಲಿ ಎನ್ನಬೇಕು. ಎದ್ದು ನಿಂತವರು ಎಲ್ಲರ ಹಿಂದೆ ಹೋಗಿ ಕೂರಬೇಕು.

ಮೂಡುಗುಡ್ಡದಲ್ಲಿ ಗೆರೆಯವರು ಎಂದರೆ ಗೆರೆಯಾಚೆಯ ಮೊದಲ ಜಾಗದವರು. ಪಡುಗುಡ್ಡದಲ್ಲಿ ಗೆರೆಯೊಳಗಿನ ಕೊನೆಯ ಜಾಗದವರು. ಯಾಕೆ ಹಾಗೆ ಅಂದರೆ ಹಾಗೇ. ಕಟ್ಟೆ ಒಂದಾಗಿಸುವ ತೀರ್ಪು ಮೊದಲು ಕಚ್ಚುವುದು ಗೆರೆಯ ಹತ್ತಿರ ಇದ್ದವರನ್ನು, ಅವರ ಬಾಯಿಂದಲೇ ಒಪ್ಪಿಗೆ ಬರಲಿ ಎಂದು ಹಿಂದಿನವರು ಯೋಚಿಸಿದ್ದಿರಬೇಕು. ದುರಾಸೆಗೆ ಯಾರೂ ಒಪ್ಪದಿರಲಿ ಎಂದು ಕೊನೆಯ ಸಾಲನ್ನೂ ಸೇರಿಸಿದರು. ಬುದ್ಧಿವಂತರು. ಆದರೆ ಬುದ್ಧಿವಂತರು ಮಾಡಿಟ್ಟ ಫಜೀತಿಯನ್ನು ಬಿಡಿಸುವುದು ಕಷ್ಟ.

ಮೂಡುಗುಡ್ಡದ ಗೆರೆಯಾಚೆಯ ಮೊದಲ ಜಾಗದಲ್ಲಿ ಒಬ್ಬಾಕೆ ಇದ್ದಳು. ನಲವತ್ತೊಂದನೆಯವಳು. ಹತ್ತೊಂಬತ್ತು ವರ್ಷ ಬಲಗುರ್ಚಿಯಲ್ಲಿ ಕೂತವಳು. ಮುಂದಿನ ಸೂಜಿಯ ದಿನಕ್ಕೆ ಇನ್ನು ನಾಲ್ಕೇ ದಿನ. ಕಟ್ಟೆಯ ಮೊದಲನೆಯವರಿಗೆ ಎದುರು ನಿಂತವರ ಮುಖವೇ ಕಾಣುತ್ತಿರಲಿಲ್ಲ, ಇನ್ನು ಸೂಜಿಯ ಕಣ್ಣು ಎಲ್ಲಿ ಕಾಣಬೇಕು? ಅವರು ಏಳುವುದು ಖಂಡಿತ, ತಾನು ಗೆರೆ ದಾಟುವುದು ಖಂಡಿತ ಎಂದು ಬಲಗುರ್ಚಿಯಾಕೆ ಲೆಕ್ಕ ಹಾಕಿ ಕೂತಿದ್ದಳು. ಎರಡು ದಿನ ಅವಳಿಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಮೂರನೆಯ ದಿನ ಎರಡು ಗುಡ್ಡದ ಯಜಮಾನರೂ ಒಂದೇ ಎಲೆಯಲ್ಲಿ ಉಂಡು, ಇಂದಿನಿಂದ ನಮ್ಮದು ಒಂದೇ ಮನೆ ಎಂದು ಸಾರಿದರು.

ಒಂದು ಮನೆಗೆ ಎರಡು ಕಟ್ಟೆ ಇರಕೂಡದು. ಎರಡು ಒಂದಾಗುವ ತನಕ ಯಾರೂ ಸರಿಯಕೂಡದು. ಸೂಜಿಯ ದಿನ ಮೊದಲನೆಯವರು ಎದ್ದು ಗುಡ್ಡ ಇಳಿದು ಹೋದರು. ಯಾರೂ ಕಲ್ಲಿಗೆ ಏಟು ಹಾಕಲಿಲ್ಲ, ಯಾರೂ ಸರಿಯಲಿಲ್ಲ. ಬಲಗುರ್ಚಿಯಾಕೆ ತನ್ನ ಮುಂದಿನ ಕೆಮ್ಮಣ್ಣಿನ ಗೆರೆಯನ್ನೇ ನೋಡುತ್ತ ಕೂತಳು.

ಯಜಮಾನರು ಕಣಿವೆಯಲ್ಲಿ ಹೊಸ ಕಟ್ಟೆ ಕಟ್ಟಿಸಿದರು, ಇನ್ನೂರು ಜಾಗದ್ದು, ಎಂಬತ್ತಕ್ಕೆ ಗೆರೆ. ಆದರೆ ಅದರ ಮೇಲೆ ಯಾರ ಹಿಂದೆ ಯಾರು? ಮೂಡುಗುಡ್ಡ ಹಳೆಯ ಗುಡ್ಡ, ಅಲ್ಲಿ ಜನ ಮೆಲ್ಲಗೆ ಸರಿದವರು. ಪಡುಗುಡ್ಡದಲ್ಲಿ ಈಚೆಗೆ ವ್ಯಾಪಾರ ಕುದುರಿ ಜನ ಬೇಗ ಬೇಗ ಮುಂದೆ ಬಂದಿದ್ದರು. ಅಲ್ಲಿನ ಗೆರೆಯೊಳಗಿನ ಕೊನೆಯ ಜಾಗದಲ್ಲಿದ್ದವನು ಬಂದು ಏಳೇ ವರ್ಷವಾಗಿತ್ತು. ಅವನಾಗಲೇ ಎಡಗುರ್ಚಿ! ಮೂಡುಗುಡ್ಡದವರು, ಬಂದ ದಿನ ನೋಡಿ ಕೂರಿಸಿ ಅಂದರು. ಹಾಗೆ ಮಾಡಿದರೆ ಪಡುಗುಡ್ಡದವರೆಲ್ಲ ಬಾಲಕ್ಕೆ ಬೀಳುತ್ತಿದ್ದರು. ಪಡುಗುಡ್ಡದವರು, ಕೂತ ಜಾಗ ನೋಡಿ ಕೂರಿಸಿ ಅಂದರು. ಹಾಗೆ ಮಾಡಿದರೆ ಹತ್ತೊಂಬತ್ತು ವರ್ಷದವರ ಮುಂದೆ ಏಳು ವರ್ಷದವರು ಕೂರುತ್ತಿದ್ದರು. ಎರಡೂ ಕಡೆಯ ಮಾತು ಸರಿ. ಕಷ್ಟ ಇದ್ದದ್ದೇ ಅಲ್ಲಿ.

ತೀರ್ಪಿಗೆ ದೂರದ ಊರಿನಿಂದ ಹಗ್ಗ ಹೊಸೆಯುವಾಕೆಯನ್ನು ಕರೆಸಿದರು. ಅವಳು ಮೂರು ತಿಂಗಳು ಎರಡೂ ಕಡೆಯವರ ಅಹವಾಲು ಕೇಳುತ್ತ ಹಗ್ಗ ಹೊಸೆದಳು. ಕೊನೆಗೆ ಇಷ್ಟೇ ಹೇಳಿದಳು.

"ಮೂಡುಗುಡ್ಡದಿಂದ ಒಬ್ಬರು, ಪಡುಗುಡ್ಡದಿಂದ ಒಬ್ಬರು. ಮತ್ತೆ ಇಲ್ಲಿಂದ ಒಬ್ಬರು, ಅಲ್ಲಿಂದ ಒಬ್ಬರು. ನನಗೆ ಗೊತ್ತಿರೋದು ಇದೊಂದೇ. ಆಗಲಿ ಅನ್ನುವವರು ಇದ್ದೀರಾ?"

ಯಾರೂ ಏಳಲಿಲ್ಲ. ಅವಳು ಬೇಸರ ಮಾಡಿಕೊಳ್ಳದೆ ಮತ್ತೆ ನಾರು ಕೈಗೆತ್ತಿಕೊಂಡಳು. ಪ್ರತಿ ಸೂಜಿಯ ದಿನ ಎರಡೂ ಗುಡ್ಡದವರು ಕಣಿವೆಗೆ ಇಳಿದು, ಹೊಸ ಕಟ್ಟೆಯ ಎರಡು ಮಗ್ಗುಲಿಗೆ ನೆಲದ ಮೇಲೆ ತಮ್ಮ ತಮ್ಮ ಸಾಲಿನಲ್ಲಿ ಕೂರುತ್ತಿದ್ದರು. ಸೂಜಿ ಮುಗಿದ ಮೇಲೆ ಅವಳು ಕೇಳುತ್ತಿದ್ದಳು, ಆಗಲಿ ಅನ್ನುವವರು ಇದ್ದೀರಾ? ಎಲ್ಲರೂ ನೆಲ ನೋಡುತ್ತಿದ್ದರು. ಅವಳು ನಾರು ಕೈಗೆತ್ತಿಕೊಳ್ಳುತ್ತಿದ್ದಳು. ಹೀಗೆ ಆರು ವರ್ಷ. ಹೊಸ ಕಟ್ಟೆಯ ಸಂದುಗಳಲ್ಲಿ ಗರಿಕೆ ಬೆಳೆಯಿತು.

ಬಲಗುರ್ಚಿಯಾಕೆ ಯಾಕೆ ಏಳಲಿಲ್ಲ ಎಂದು ಕೇಳುತ್ತೀರಿ. ಎದ್ದರೆ ಎಲ್ಲರ ಹಿಂದೆ. ಹತ್ತೊಂಬತ್ತು ವರ್ಷ ತೆವಳಿ ತೆವಳಿ ಗೆರೆಯ ಹತ್ತಿರ ಬಂದು, ಮತ್ತೆ ಬಾಲಕ್ಕೆ ಹೋಗು ಅಂದರೆ ಯಾರು ಹೋಗುತ್ತಾರೆ? ಅದಲ್ಲದೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಆ ಏಳು ವರ್ಷದವನ ಮುಖ ಸರಿಯಾಗಿ ನೋಡಿಯೂ ಇರಲಿಲ್ಲ, ಆದರೂ ಅವನನ್ನು ನೆನೆದರೆ ಮೈಯೆಲ್ಲ ಉರಿ. ಇಷ್ಟಕ್ಕೆ ಸಂಘದ ಬಾಯಿ ಬೇರೆ. ಸಂಘದ ಪರವಾಗಿ ಮಾತಾಡುತ್ತಿದ್ದವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವನು ಅವಳಿಗಿಂತ ಹತ್ತು ಜಾಗ ಹಿಂದೆ ಕೂರುತ್ತಿದ್ದ ಐವತ್ತೊಂದನೆಯವನು. ದಿನಾ ಬಂದು, ಅಕ್ಕಾ ನೀವು ಏಳಬಾರದು, ನೀವೇ ನಮ್ಮ ಬೇಲಿ, ನೀವು ಎದ್ದರೆ ಮೂಡುಗುಡ್ಡದ ಮಾನ ಹೋಯಿತು ಅನ್ನುತ್ತಿದ್ದ. ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಹೇಳಿದವನಲ್ಲ, ನಿಜವಾಗಿ ನಂಬಿ ಹೇಳುತ್ತಿದ್ದ. ನಂಬಿ ಹೇಳುವವರ ಮಾತನ್ನು ತೆಗೆದುಹಾಕುವುದು ಇನ್ನೂ ಕಷ್ಟ.

ಈ ನಡುವೆ ಕಟ್ಟೆಯ ತಲೆ ಖಾಲಿಯಾಗುತ್ತ ಬಂತು. ಪ್ರತಿ ಸೂಜಿಯ ದಿನ ಇಬ್ಬರೋ ಮೂವರೋ ನಾಲ್ವರೋ ಇಳಿದು ಹೋಗುತ್ತಿದ್ದರು, ಅವರ ಕಲ್ಲು ಹಾಗೇ ಉಳಿಯುತ್ತಿತ್ತು. ಮೂಡುಗುಡ್ಡದ ಮೊದಲ ಜಾಗದಲ್ಲಿ ಒಂದು ಬೆಕ್ಕು ಬಂದು ಮಲಗತೊಡಗಿತು. ಮಜ್ಜಿಗೆ ಮೊದಲ ಜಾಗದಿಂದ ಕೊಡುತ್ತ ಬರಬೇಕು ಎಂದು ಒಡಂಬಡಿಕೆ ಹೇಳುತ್ತದೆ. ಮಜ್ಜಿಗೆಯವಳು ಮೊದಲ ಲೋಟ ಬೆಕ್ಕಿನ ಮುಂದೆ ಇಡುತ್ತಿದ್ದಳು. ಬೆಕ್ಕು ಕುಡಿದು ಮೀಸೆ ಒರೆಸಿಕೊಂಡ ಮೇಲೆ ಉಳಿದ ಖಾಲಿ ಜಾಗಗಳ ಮುಂದೆ ಒಂದೊಂದು ಲೋಟ, ಆಮೇಲೆ ಮನುಷ್ಯರಿಗೆ. ಆ ಮನೆಗೆಲ್ಲ ಹಿರಿಯ ಈಗ ಬೆಕ್ಕು. ಯಾರೂ ನಗಲಿಲ್ಲ. ಒಡಂಬಡಿಕೆಯ ಪ್ರಕಾರ ಸರಿಯಾಗಿಯೇ ಇದೆಯಲ್ಲ ಎಂದು ತಮ್ಮ ಲೋಟಕ್ಕೆ ಕಾದು ಕೂರುತ್ತಿದ್ದರು.

ಎಡಗುರ್ಚಿಯವರು ಕಡಿಮೆಯಾದಂತೆ ವಿಮಾನಗಳೂ ನಿಂತವು. ಬಲಗುರ್ಚಿಯವರು ಬೇಕಾದಷ್ಟು ಇದ್ದರು, ಆದರೆ ಹೊರಡೋಣ ಅನ್ನಲು ಎಡಗುರ್ಚಿ ಬೇಕು. ಮೊದಲು ವಾರಕ್ಕೆರಡು ಸಲ ಹೋಗುವ ಊರಿಗೆ ಒಂದು ಸಲವಾಯಿತು, ಆಮೇಲೆ ತಿಂಗಳಿಗೊಂದು ಸಲ, ಆಮೇಲೆ ನೋಡೋಣ ಎಂದಾಯಿತು.

ಬಲಗುರ್ಚಿಯಾಕೆ ಬೆಳಿಗ್ಗೆ ಎದ್ದು ಮೊದಲು ಸೂಜಿಗೆ ದಾರ ಪೋಣಿಸಿ ನೋಡುತ್ತಿದ್ದಳು. ಮೊದಮೊದಲು ಒಂದೇ ಸಲಕ್ಕೆ ಆಗುತ್ತಿತ್ತು. ನಾಲ್ಕನೆಯ ವರ್ಷ ಎರಡು ಸಲ ಬೇಕಾಯಿತು. ಆರನೆಯ ವರ್ಷ ನಾಲ್ಕು, ಮೋಡದ ದಿನ ಐದು. ಇನ್ನು ಎರಡೋ ಮೂರೋ ವರ್ಷ ಎಂದು ಅವಳಿಗೆ ಗೊತ್ತಾಗಿಹೋಗಿತ್ತು. ಒಂದೇ ಒಂದು ಸಲ ಎಡಗುರ್ಚಿಯಲ್ಲಿ ಕೂತು ಹೊರಡೋಣ ಅನ್ನಬೇಕು, ಅಷ್ಟಾದರೆ ಸಾಕು, ಆಮೇಲೆ ಕಣ್ಣು ಹೋದರೂ ಹೋಗಲಿ ಎಂದು ಅವಳು ಗೋಡೆಗೆ ಹೇಳಿಕೊಳ್ಳುತ್ತಿದ್ದಳು.

ಆರನೆಯ ವರ್ಷದ ಸೂಜಿಯ ದಿನಕ್ಕೆ ಎಂಟು ದಿನ ಮುಂಚೆ ಒಂದೇ ಬಾವಿ ಇರುವ ಒಂದು ಊರಿಗೆ ಹೋಗಬೇಕಾಗಿ ಬಂತು. ಮೂಡುಗುಡ್ಡದಲ್ಲಿ ಎಡಗುರ್ಚಿ ಸಿಗಲಿಲ್ಲ. ಪಡುಗುಡ್ಡದಿಂದ ಒಬ್ಬನನ್ನು ಎರವಲು ಕಳಿಸಿದರು. ಅವನು ಏಣಿ ಹತ್ತಿ ಬಂದು ಎಡಗುರ್ಚಿಯಲ್ಲಿ ಕೂತು, ತಾನು ಪಡುಗುಡ್ಡದ ಗೆರೆಯವನು ಎಂದು ಹೇಳಿದಾಗ ಬಲಗುರ್ಚಿಯಾಕೆ ಅವನನ್ನು ತಿರುಗಿ ನೋಡಿದಳು. ಇವನೇ. ಆರು ವರ್ಷ ಯಾರನ್ನು ನೆನೆದು ಹಲ್ಲು ಕಡಿದಿದ್ದಳೋ ಅವನೇ. ತೆಳ್ಳಗಿದ್ದ, ಅಂಗಿಯ ಒಂದು ಗುಂಡಿ ಬಿದ್ದುಹೋಗಿತ್ತು, ಕೆಮ್ಮು ಬೇರೆ. ಇವನೇನಾ ಎಂದು ಅವಳಿಗೆ ಒಂದು ರೀತಿ ನಿರಾಸೆಯೇ ಆಯಿತು.

ಹೋಗುವಾಗ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಇಳಿದ ಬಯಲಿನಲ್ಲಿ ಆ ಊರಿನ ಟೀಚರಮ್ಮ ದೊಡ್ಡದೊಂದು ಗಂಟು ಇಟ್ಟುಕೊಂಡು ಕೂತಿದ್ದರು. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ, ನಾಲ್ಕು ತಿಂಗಳಿಂದ ದಿನಾ ಬಂದು ಕೂತು ಹೋಗುತ್ತಿದ್ದೇನೆ ಅಂದರು. ಗಂಟಿನಲ್ಲಿ ಮಕ್ಕಳ ಉತ್ತರ ಪತ್ರಿಕೆಗಳು. ಅವು ನಗರಕ್ಕೆ ಹೋಗಿ, ತಿದ್ದಿ ಬಂದು, ಪಾಸು ಎಂದಾದರೆ ತಾನೇ ಮುಂದಿನ ಕ್ಲಾಸು? ವಿಮಾನ ಸರಿಯಾಗಿ ಬರದೆ ಎರಡು ವರ್ಷದಿಂದ ಇಡೀ ಶಾಲೆ ಕೂತಲ್ಲೇ ಕೂತಿದೆ, ಐದನೇ ಕ್ಲಾಸಿನ ಹುಡುಗರಿಗೆ ಮೀಸೆ ಚಿಗುರುತ್ತಿದೆ, ಒಂದನೇ ಕ್ಲಾಸಿಗೆ ಸೇರಿಸಿ ಎಂದು ಬಂದವರನ್ನು ಕೂರಿಸಲು ಬೆಂಚಿಲ್ಲ ಎಂದು ಟೀಚರಮ್ಮ ಸಮಾಧಾನವಾಗಿಯೇ ಹೇಳಿದರು. ಆಮೇಲೆ, ನೀವು ಯಾಕೆ ಬರುವುದಿಲ್ಲ ಎಂದು ಕೇಳಿದರು.

ಇಬ್ಬರೂ ವಿವರಿಸಲು ಹೊರಟರು. ಅವಳು ಬಂದ ದಿನದ ಮಾತು ಹೇಳಿದಳು, ಅವನು ಕೂತ ಜಾಗದ ಮಾತು ಹೇಳಿದ. ಗೆರೆ, ಕಟ್ಟೆ, ಸೂಜಿ, ಆಗಲಿ, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಅವರ ಮಾತು ಅವರ ಕಿವಿಗೇ ಹೇಗೋ ಕೇಳಿಸತೊಡಗಿತು. ಟೀಚರಮ್ಮ ಕ್ಲಾಸಿನಲ್ಲಿ ಪಾಠ ಒಪ್ಪಿಸಿಕೊಳ್ಳುವ ಹಾಗೆ ಕೊನೆಯವರೆಗೂ ಕೇಳಿ, ಒಂದೇ ಪ್ರಶ್ನೆ ಹಾಕಿದರು.

"ಅದೆಲ್ಲ ಸರಿ. ಮುಂದೆ ಈಗ ಎಷ್ಟು ಜಾಗ ಖಾಲಿ ಇದೆ?"

ಇ‌ಬ್ಬರಿಗೂ ಗೊತ್ತಿರಲಿಲ್ಲ. ಹೌದು, ಗೊತ್ತಿರಲಿಲ್ಲ! ಆರು ವರ್ಷ ಎರಡು ಕಟ್ಟೆಯ ಮೇಲೆ ಕೂತ ಅಷ್ಟೂ ಜನ ತಮ್ಮ ಮುಂದೆ ಯಾರು ಬಂದುಬಿಡುತ್ತಾರೋ ಎಂದು ಎಣಿಸಿದ್ದರು. ಯಾರು ಎದ್ದು ಹೋದರು ಎಂದು ಒಬ್ಬರೂ ಎಣಿಸಿರಲಿಲ್ಲ. ದಿನಾ ಖಾಲಿ ಜಾಗಕ್ಕೆ ಲೋಟ ಇಡುತ್ತಿದ್ದ ಮಜ್ಜಿಗೆಯವಳಿಗೆ ಲೆಕ್ಕ ಬಾಯಲ್ಲೇ ಇತ್ತು. ಅವಳನ್ನು ಯಾರೂ ಕೇಳಲಿಲ್ಲ.

ಗಂಟು ಹೇರಿಕೊಂಡು ಹಿಂದಿರುಗುವಾಗ ಇಬ್ಬರೂ ಎಣಿಸಿದರು. ಅವಳು ಮೂಡುಗುಡ್ಡದಿಂದ ಇಳಿದು ಹೋದವರನ್ನು ಒಬ್ಬೊಬ್ಬರನ್ನಾಗಿ ನೆನೆದು ಬೆರಳು ಮಡಿಸಿದಳು, ಹದಿನೆಂಟು. ಪಡುಗುಡ್ಡದಿಂದ ಇಬ್ಬರು. ಒಟ್ಟು ಇಪ್ಪತ್ತು. ಹಗ್ಗ ಹೊಸೆಯುವಾಕೆ ಹೇಳಿದ ಹಾಗೆ ಇಲ್ಲಿಂದ ಒಬ್ಬರು ಅಲ್ಲಿಂದ ಒಬ್ಬರು ಎಂದು ಹಳೆಯ ಜಾಗದ ಪ್ರಕಾರ ಕೂತು, ಖಾಲಿ ಜಾಗ ತುಂಬುತ್ತ ಮುಂದೆ ಸರಿದರೆ, ಅವನು ಅರವತ್ತನೆಯ ಜಾಗಕ್ಕೆ ಬರುತ್ತಿದ್ದ, ಅವಳು ಅವನ ಪಕ್ಕದಲ್ಲೇ ಅರವತ್ತೊಂದಕ್ಕೆ. ಗೆರೆ ಇದ್ದದ್ದು ಎಂಬತ್ತಕ್ಕೆ. ಇಬ್ಬರಿಗೂ ಎಡಗುರ್ಚಿ. ಅವರ ಹಿಂದೆ ಇನ್ನೂ ಹತ್ತೊಂಬತ್ತು ಜನಕ್ಕೆ ಎಡಗುರ್ಚಿ. ಯಾರೂ ಹಿಂದೆ ಬೀಳುತ್ತಿರಲಿಲ್ಲ, ಎಲ್ಲರೂ ಮುಂದೆ ಬರುತ್ತಿದ್ದರು. ಆದರೆ ಅದಕ್ಕೆ ಇಬ್ಬರು ಆಗಲಿ ಎನ್ನಬೇಕು, ಆ ಇಬ್ಬರು ಮಾತ್ರ ಎಲ್ಲರ ಹಿಂದೆ ಹೋಗಬೇಕು. ಆ ಇಬ್ಬರು ಯಾರು ಎಂದು ಅವರು ಎಣಿಸಬೇಕಾಗಿರಲಿಲ್ಲ.

ಬಹಳ ದೂರ ಬಂದ ಮೇಲೆ ಅವನು ಮಾತಾಡಿದ.

"ನಾನು ಆಗಲಿ ಅಂತ ಹೇಳ್ತೀನಿ ಅಕ್ಕಾ. ನನ್ನ ಕಣ್ಣಿಗೆ ಇನ್ನೂ ಇಪ್ಪತ್ತು ವರ್ಷ ಇದೆ, ಮತ್ತೆ ಸರಿದು ಸರಿದು ಬರ್ತೀನಿ. ನೀವು ಹೇಳಿ ಅಂತ ಕೇಳೋದಕ್ಕೆ ಮಾತ್ರ ನನಗೆ ಬಾಯಿಲ್ಲ."

ಅವಳು ಅವನ ಮೇಲಿನ ಉರಿ ಎಲ್ಲಿ ಹೋಯಿತು ಎಂದು ಹುಡುಕಿದಳು, ಸಿಗಲಿಲ್ಲ. ಅದು ಹೋದದ್ದರಿಂದ ಹಗುರವೇನೂ ಆಗಲಿಲ್ಲ, ಭಯವಾಯಿತು. ಉರಿ ಇದ್ದಾಗ ಕೂತಿರುವುದು ಸುಲಭವಾಗಿತ್ತು. ಈಗ ಕೂತಿರಲು ಅವಳ ಹತ್ತಿರ ತನ್ನ ಆಸೆ ಒಂದೇ ಉಳಿದಿತ್ತು. ಎದ್ದರೆ ಆ ಆಸೆ ಮುಗಿಯಿತು. ಏಳದಿದ್ದರೂ ಗೆರೆಯಾಚೆಯೇ ಕೂತು ಕಣ್ಣು ಹೋಗುವುದು, ಆದರೆ ಬಂದೀತು ಬಂದೀತು ಎಂದು ಕಾಯಬಹುದು. ಜೀವಕ್ಕೆ ಅದೂ ಒಂದು ಆಧಾರವೇ. ಎಂಟು ದಿನ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ, ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಸೂಜಿಯ ದಿನ ಬಂತು. ಎರಡೂ ಗುಡ್ಡದವರು ಕಣಿವೆಗೆ ಇಳಿದು ಕೂತರು. ಆ ವರ್ಷ ಸೋತವರು ಯಾರೂ ಇರಲಿಲ್ಲ, ಅವಳೊಬ್ಬಳೇ ಸೋಲುವ ಹಾಗಿದ್ದಳು. ಒಂದು ಸಲ ತಪ್ಪಿತು, ಎರಡು ಸಲ, ಮೂರು ಸಲ. ಆರನೆಯ ಸಲ ದಾರ ಒಳಗೆ ಹೋಯಿತು. ಪಕ್ಕದವರು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಹಗ್ಗ ಹೊಸೆಯುವಾಕೆ ಎಂದಿನ ಹಾಗೆ, ಆಗಲಿ ಅನ್ನುವವರು ಇದ್ದೀರಾ ಎಂದು ಕೇಳಿ, ಎಂದಿನ ಹಾಗೆ ನಾರಿಗೆ ಕೈ ಹಾಕಿದಳು.

ಹತ್ತು ಜಾಗದ ಹಿಂದಿನಿಂದ ಸಂಘದ ಬಾಯಿ, ಕೂತಿರಿ ಅಕ್ಕಾ, ಕೂತಿರಿ ಎಂದು ಮೆಲ್ಲಗೆ ಹೇಳುತ್ತಿದ್ದ. ಬಲಗುರ್ಚಿಯಾಕೆ ಎದ್ದು ನಿಂತಳು.

"ಆಗಲಿ" ಅಂದಳು.

ಆ ಮಗ್ಗುಲಲ್ಲಿ ಅವನೂ ಎದ್ದು ಆಗಲಿ ಅಂದ. ಆರು ವರ್ಷದಲ್ಲಿ ಮೊದಲ ಬಾರಿಗೆ ಹಗ್ಗ ಹೊಸೆಯುವಾಕೆಯ ಕೈಯಿಂದ ನಾರು ಜಾರಿತು. ಮೂಡುಗುಡ್ಡದವರಲ್ಲಿ ಕೆಲವರು ಅವಳನ್ನು ಬೈದರು. ಕೆಲವರು ಮುಖ ತಿರುಗಿಸಿದರು. ಆದರೆ ಒಡಂಬಡಿಕೆ ಒಡಂಬಡಿಕೆಯೇ, ಹೇಳಿದ್ದಾಯಿತು. ಹಗ್ಗ ಹೊಸೆಯುವಾಕೆ ಹಳೆಯ ಜಾಗದ ಪ್ರಕಾರ, ಖಾಲಿ ಜಾಗ ದಾಟಿ ದಾಟಿ, ಕರೆಯುತ್ತ ಹೋದಳು. ಮೂಡುಗುಡ್ಡದಿಂದ ಒಬ್ಬರು, ಪಡುಗುಡ್ಡದಿಂದ ಒಬ್ಬರು. ಬಂದವರು ಬಂದವರು ಹೊಸ ಕಟ್ಟೆಯ ಗರಿಕೆ ಕಿತ್ತು, ಅಂಗೈಯಿಂದ ಕಲ್ಲಿಗೆ ಒಂದೇಟು ಹಾಕಿ, ಸರಿದೆವು ಎಂದು ಹೇಳಿ ಕೂತರು. ತಾವು ಎಲ್ಲಿ ಕೂತಿದ್ದೇವೆ ಎಂದು ಎಣಿಸಿ ನೋಡಿದವರ ಮುಖ ಒಂದೊಂದಾಗಿ ಬದಲಾಯಿತು. ಬೈದವರು ಬಾಯಿ ಮುಚ್ಚಿದರು. ಸಂಘದ ಬಾಯಿ ಎಪ್ಪತ್ತೊಂಬತ್ತನೆಯ ಜಾಗದಲ್ಲಿ ಕೂತು, ತನ್ನ ಹಿಂದೆ ಕೆಮ್ಮಣ್ಣಿನ ಗೆರೆ ಇರುವುದನ್ನು ತಿರುಗಿ ತಿರುಗಿ ನೋಡಿಕೊಂಡ. ಜನ್ಮದಲ್ಲಿ ಮೊದಲ ಸಲ ಅವನು ಗೆರೆಯೊಳಗೆ ಕೂತಿದ್ದ.

ನೂರ ಎಪ್ಪತ್ತೆಂಟು ಜನ ಕೂತರು. ನಿಂತವರು ಇಬ್ಬರು. ಅವರು ಕಟ್ಟೆಯ ಉದ್ದಕ್ಕೂ ನಡೆದು ಬಾಲಕ್ಕೆ ಬಂದರು. ಎಲ್ಲರೂ ನೋಡುತ್ತಿದ್ದರು. ನೋಡುತ್ತ ಅವರಿಗೆ ಒಳಗೊಳಗೇ ಹೇಗೋ ಆಗುತ್ತಿತ್ತು, ಆದರೆ ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಕಟ್ಟೆಯ ಕೊನೆಯಲ್ಲಿ ಕೂತಿದ್ದವನು ಪಡುಗುಡ್ಡದವನು. ಬಹಳ ವರ್ಷ ಬಸ್ಸು ಓಡಿಸಿ, ತಲೆ ಅರ್ಧ ಬೆಳ್ಳಗಾದ ಮೇಲೆ ಹಾರಲು ಬಂದವನು. ಅವನು ಬಲಗುರ್ಚಿಯಾಕೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. ಎದ್ದ. ಎರಡು ಜಾಗ ಹಿಂದೆ ಹೋಗಿ ಕೂತ. ಮುಂದಿದ್ದವನ ಬೆನ್ನಿಗೆ ತಟ್ಟಿ, ಬಸ್ಸಿನಲ್ಲಿ ಹೇಳುವ ಹಾಗೆಯೇ ಹೇಳಿದ.

"ಸ್ವಲ್ಪ ಹಿಂದೆ ಸರೀರಿ, ಇನ್ನಿಬ್ಬರು ಕೂತ್ಕೋಬೇಕು."

ಮುಂದಿದ್ದವನು ತಬ್ಬಿಬ್ಬಾದ. ಆ ಕಟ್ಟೆಯಲ್ಲಿ ಹಿಂದೆ ಸರಿದವರು ಯಾರೂ ಇಲ್ಲ. ಹಾಗೆ ಮಾಡಬಹುದೇ ಎಂದು ಗುಜುಗುಜು ಎದ್ದಿತು. ಒಡಂಬಡಿಕೆಯನ್ನು ಮೊದಲ ಸಾಲಿನಿಂದ ಹೇಳಿನೋಡಿದರು, ನೂರ ಎಂಟೂ ಸಾಲು. ನಡುವೆ ನುಗ್ಗಕೂಡದು ಎಂದಿತ್ತು, ಎಬ್ಬಿಸಕೂಡದು ಎಂದಿತ್ತು, ಎದ್ದು ನಿಂತವರು ಎಲ್ಲರ ಹಿಂದೆ ಹೋಗಿ ಕೂರಬೇಕು ಎಂದಿತ್ತು. ಹಗ್ಗ ಹೊಸೆಯುವಾಕೆ, ಅವರು ಹಿಂದೆ ಹೋಗಿದ್ದಾರೆ, ನಾನೇ ಕಣ್ಣಾರೆ ಕಂಡಿದ್ದೇನೆ, ಅಲ್ಲಿಗೆ ಆ ಸಾಲು ಮುಗಿಯಿತು ಅಂದಳು. ಕೂತವರು ತಾವಾಗಿ ಹಿಂದೆ ಸರಿಯಕೂಡದು ಎಂಬ ಸಾಲು ಎಲ್ಲೂ ಇರಲಿಲ್ಲ. ಹಾಗೆ ಯಾರಾದರೂ ಸರಿದಾರು ಎಂದು ಹಿಂದಿನ ಬುದ್ಧಿವಂತರಿಗೆ ಹೊಳೆದೇ ಇರಲಿಲ್ಲ.

ಅವನ ಮುಂದಿನವನು ಎದ್ದು ಎರಡು ಜಾಗ ಹಿಂದೆ ಸರಿದ. ಅವನ ಮುಂದಿನವಳು ಸರಿದಳು. ಅಂಗೈಯೇಟಿನ ಸದ್ದು ಬಾಲದಿಂದ ತಲೆಯ ಕಡೆಗೆ ಬರತೊಡಗಿತು. ಇಪ್ಪತ್ತೆರಡು ಜಾಗ ಮುಂದೆ ಬಂದವರಿಗೆ ಎರಡು ಜಾಗ ಬಿಡುವುದು ಅಷ್ಟು ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಕಷ್ಟವಾಯಿತು. ಕೆಲವರು ಮೂಗು ಮುರಿದರು, ಒಬ್ಬ ಮೂರು ಸಲ ಕರೆಸಿಕೊಂಡ. ಆದರೂ ಸರಿದರು. ಹಾಗೆ ಸರಿಯುತ್ತ ಸರಿಯುತ್ತ ಆ ಸದ್ದು ಗೆರೆಯ ಹತ್ತಿರ ಬಂತು.

ಎಂಬತ್ತನೆಯ ಜಾಗದಲ್ಲಿ ಪಡುಗುಡ್ಡದ ಒಬ್ಬಾಕೆ ಇದ್ದಳು. ಸರಿದರೆ ಅವಳಿಗೆ ಎಡಗುರ್ಚಿ ಹೋಯಿತು. ಅವಳು ಕಲ್ಲನ್ನು ಒಮ್ಮೆ ಸವರಿ, ಹೋಗಲಿ ಬಿಡಿ ಎಂದು ಎದ್ದು ಗೆರೆ ದಾಟಿ ಆಚೆ ಕೂತಳು. ಇನ್ನು ಎಪ್ಪತ್ತೊಂಬತ್ತನೆಯವನು. ಸಂಘದ ಬಾಯಿ.

ಅವನು ಏಳಲಿಲ್ಲ. ಅವನ ಹಿಂದೆ ಎರಡು ಜಾಗ ಖಾಲಿ, ನಡುವೆ ಗೆರೆ. ಅವನ ಮುಂದೆ ಅರವತ್ತನೆಯ ಜಾಗದವರೆಗಿದ್ದ ಹತ್ತೊಂಬತ್ತು ಜನಕ್ಕೆ ಕಷ್ಟವೇನಿರಲಿಲ್ಲ, ಸರಿದರೂ ಗೆರೆಯೊಳಗೇ ಇರುತ್ತಿದ್ದರು. ಕಳೆದುಕೊಳ್ಳಬೇಕಾದವನು ಇನ್ನು ಅವನೊಬ್ಬನೇ. ಅವನನ್ನು ಯಾರೂ ಬೈಯಲಿಲ್ಲ, ಯಾರೂ ಬೆನ್ನು ತಟ್ಟಲಿಲ್ಲ. ಬಲಗುರ್ಚಿಯಾಕೆ ಬಾಲದಲ್ಲಿ ನಿಂತು ನೋಡಿದಳು. ಗೆರೆಯ ಹತ್ತಿರ ಕೂರುವುದು ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅವಳಿಗೆ ಅವನ ಮೇಲೆ ಮರುಕ ಹುಟ್ಟಿತು. ಬೇಡ ಬಿಡಿ, ನಾನು ಇಲ್ಲೇ ಕೂರುತ್ತೇನೆ ಎಂದು ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಅವನು ಎದ್ದ. ಮುಖ ಕೆಂಪಾಗಿತ್ತು. ಗೆರೆ ದಾಟಿ ಆಚೆ ಹೋದ. ಗೆರೆಯಾಚೆಯ ಮೊದಲ ಜಾಗದಲ್ಲಿ, ಅವಳು ಆರು ವರ್ಷ ಕೂತಂಥದೇ ಜಾಗದಲ್ಲಿ, ಕಲ್ಲಿಗೆ ಒಂದೇಟು ಹಾಕಿ ಕೂತ. ಆಮೇಲೆ ಬಾಲದ ಕಡೆಗೆ ತಿರುಗಿ, ಆ ದಿನ ಅವನು ಎಲ್ಲರಿಗೂ ಕೇಳುವ ಹಾಗೆ ಆಡಿದ ಒಂದೇ ಮಾತು ಆಡಿದ.

"ಆರು ವರ್ಷ ನಿಮ್ಮನ್ನ ಇಲ್ಲಿ ಕೂರಿಸಿದವನು ನಾನು. ಇನ್ನು ಸ್ವಲ್ಪ ದಿನ ನಾನು ಕೂರ್ತೀನಿ. ನೀವು ಬನ್ನಿ ಅಕ್ಕಾ."

ಮುಂದಿನ ಹತ್ತೊಂಬತ್ತು ಜನ ಪಟಪಟನೆ ಸರಿದರು. ಅರವತ್ತು, ಅರವತ್ತೊಂದು, ಎರಡು ಜಾಗ ತೆರೆದುಕೊಂಡವು. ಅವರಿಬ್ಬರೂ ಕಟ್ಟೆಯ ಉದ್ದಕ್ಕೂ ಹಿಂದಿರುಗಿ ನಡೆದು ಬರುವಾಗ ಬಲಗುರ್ಚಿಯಾಕೆ ಅಳುತ್ತಿದ್ದಳು. ಅತ್ತದ್ದನ್ನು ಮುಚ್ಚಿಡಲೂ ಇಲ್ಲ. ಗೆರೆ ದಾಟುವಾಗ ಒಂದು ಕ್ಷಣ ನಿಂತಳು, ದಾಟಿದಳು. ಅರವತ್ತೊಂದನೆಯ ಜಾಗದ ಕಲ್ಲು ಅದರ ಮೇಲೆ ಕೂತಿದ್ದವರ ಮೈಯಿಂದ ಬೆಚ್ಚಗಿತ್ತು. ಅವಳು ಕೂತಳು. ಹಿಂದಿದ್ದವರು ಇನ್ನಷ್ಟು ಸರಿದು, ಸರಿಯಾಗಿ ಕೂತ್ಕೊಳ್ಳಿ ಎಂದರು.